ಕ್ಷಮಿಸು ಅಂತ ಹೇಳಿಸಲು ಯಾರನ್ನೂ ಕರೆತರಬೇಡಿ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಚಿಕ್ಕಮಗಳೂರಿನ ನಮ್ಮ ಗುರುಮನೆಗೆ, ಅಂದರೆ ಚರ್ಚಿನ ಪಾದ್ರಿಯಾದ ನಾನಿರುವ ಮನೆಗೆ, ಒಂದು ಥರದ ಜೋಡಿಗಳು ಜಾಸ್ತಿ. ಒಬ್ಬರು ತಪ್ಪು ಮಾಡಿದವರು, ಇನ್ನೊಬ್ಬರು ಅದನ್ನು ಅನುಭವಿಸಿದವರು. ಬಾಯಿ ಬಿಡುವುದು ಯಾವಾಗಲೂ ಮೊದಲನೆಯವರೇ. "ಫಾದರ್, ನೀವೊಂದು ಮಾತು ಹೇಳಿ. ಯೇಸುಸ್ವಾಮಿ ಏಳೆಪ್ಪತ್ತು ಸಾರಿ ಕ್ಷಮಿಸು ಅಂದಿದ್ದಾರಲ್ವಾ?"

ಅಂದಿದ್ದಾರೆ. ಶಿಷ್ಯ ಪೇತ್ರನಿಗೆ ಕೊಟ್ಟ ಉತ್ತರ ಅದು, ಬೈಬಲ್‌ನಲ್ಲಿ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಆದರೆ ಅದಕ್ಕೂ ಸ್ವಲ್ಪ ಮೇಲೆ ಇನ್ನೊಂದು ಮಾತಿದೆ. ಸೋದರ ತಪ್ಪು ಮಾಡಿದರೆ ಹೋಗಿ ತಪ್ಪು ತೋರಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಈ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡು ಬಂದವರನ್ನು ನಾನಿನ್ನೂ ನೋಡಿಲ್ಲ.

ಪಾಪನಿವೇದನೆಯಲ್ಲಿ, ಅಂದರೆ ಜನ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವಾಗ, ಕೇಳಿದ್ದನ್ನು ನಾನು ಎಲ್ಲೂ ಹೇಳುವಂತಿಲ್ಲ. ಇದು ಹಾಲ್‌ನಲ್ಲಿ ಕಾಫಿ ಕುಡಿಯುತ್ತಾ ಆಡಿದ ಮಾತು, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೇನೆ. ಮೂಡಿಗೆರೆ ಕಡೆಯ ಅಣ್ಣ, ತಂಗಿ. ತಂಗಿಯ ಸರ ಅಡವಿಟ್ಟು ತೋಟದ ಕೂಲಿ ಬಟವಾಡೆ ಮಾಡಿದ್ದಾನೆ. ಎರಡು ಕೊಯ್ಲು ಮುಗಿದರೂ ಸರ ವಾಪಸ್ ಬಂದಿಲ್ಲ. "ಇವಳು ಮನಸ್ಸಲ್ಲೇ ಇಟ್ಟುಕೊಂಡಿದ್ದಾಳೆ ಫಾದರ್" ಅಂದ. "ಸರ ಬಿಡಿಸಿ ಕೊಟ್ಟೆಯಾ?" ಅಂತ ಕೇಳಿದೆ. "ಅದು ಬೇರೆ ವಿಷಯ ಫಾದರ್." ತಂಗಿ ಮಾತಾಡಲಿಲ್ಲ. ಅಡವಿನ ಚೀಟಿಯನ್ನು ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಟೀಪಾಯಿ ಮೇಲಿಟ್ಟಳು. ಮಡಿಸಿ ಮಡಿಸಿ ಅದು ನಡುವೆ ಹರಿದಿತ್ತು.

ಬೇರೆ ವಿಷಯ ಅಲ್ಲವೇ ಅಲ್ಲ. ಕದ್ದದ್ದನ್ನು, ಕೆಡಿಸಿದ್ದನ್ನು ಕೈಲಾದಷ್ಟು ಸರಿಪಡಿಸಬೇಕು ಎಂಬುದು ಧರ್ಮಸಭೆಯ ಬೋಧನೆ. ಪಾಪನಿವೇದನೆ ಮಾಡಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಲೂಕನ ಶುಭಸಂದೇಶದ ಜಕ್ಕಾಯ ಸುಂಕದವನು. ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಯೇಸು ಬೇಡಪ್ಪ ಅನ್ನಲಿಲ್ಲ.

ಕ್ಷಮಿಸಿದರೆ ಕೇಸು ವಾಪಸ್ ತೆಗೆಯಬೇಕು ಅಂತಲೂ ಜನ ತಿಳಿದಿದ್ದಾರೆ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು. ಕೋರ್ಟು ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡಿಯಿತು. ಎರಡೂ ಒಟ್ಟಿಗೇ ನಡೆದವು.

ಹಾಗಂತ ಸರ ಕೈಗೆ ಬಂದ ಮೇಲೆಯೇ ಕ್ಷಮೆ ಅಂತ ನಾನು ಹೇಳುತ್ತಿಲ್ಲ. ಅಣ್ಣ ಹಾಳಾಗಿ ಹೋಗಲಿ ಅಂತ ಶಪಿಸುವುದನ್ನು ಬಿಟ್ಟು, ಸರವನ್ನು ಮಾತ್ರ ಗಟ್ಟಿಯಾಗಿ ಕೇಳಬಹುದು. ಅದಕ್ಕೂ ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಅವಸರ ಮಾಡಬೇಡಿ. ಈಸ್ಟರ್‌ಗೆ ಮುಂಚೆ ಮುಗಿಸಲೇಬೇಕು ಅಂತ ಗಡುವೇನೂ ಇಲ್ಲ.

ಹೊಡೆಯುವ ಗಂಡನ ವಿಷಯದಲ್ಲಿ ನಾನು ಇನ್ನೂ ಹುಷಾರು. ಮನೆಮನೆಯ ಕತೆ ಬೇರೆ, ಸುಮ್ನೆ ಒಂದೇ ಸಲಹೆ ಎಲ್ಲರಿಗೂ ಕೊಡಲಾಗದು. ಆದರೆ ಕ್ಷಮಿಸುವುದಕ್ಕೆ ಅದೇ ಮನೆಗೆ ವಾಪಸ್ ಹೋಗಲೇಬೇಕೆಂದಿಲ್ಲ. ಜೀವಭಯ ಇದ್ದರೆ ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ನನಗೆ. ಇಬ್ಬರೂ ಒಟ್ಟಿಗೆ ಬಂದರೆ ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಆಕೆಯ ಜೊತೆ ಮಾತ್ರ ಮಾತಾಡುತ್ತೇನೆ. ಬೇಜಾರು ಮಾಡಿಕೊಂಡರೂ ಅಷ್ಟೇ.