ಮಿ-26: ಬಿಡಿಭಾಗಕ್ಕೆ ಕಾದು ನಿಂತ ದೈತ್ಯ

ಕಾಶ್ಮೀರ ರೈಲು ಮಾರ್ಗದ ಕೆಲಸ ನಡೆಯುವಾಗ ಎಷ್ಟೋ ಕಡೆ ರಸ್ತೆಯೇ ಇರಲಿಲ್ಲ. ಗುಡ್ಡ ಕಡಿಯಲು ಯಂತ್ರ ಬೇಕು, ಯಂತ್ರ ಹೋಗಲು ದಾರಿ ಬೇಕು. ಆಗ ಆ ಭಾರ ಹೊತ್ತಿದ್ದು ನಮ್ಮ ವಾಯುಪಡೆಯ ಮಿ-26 ಹೆಲಿಕಾಪ್ಟರ್. 2013ರ ಪ್ರವಾಹದ ನಂತರ ಕೇದಾರನಾಥಕ್ಕೆ ಭಾರಿ ಯಂತ್ರಗಳನ್ನು ಮುಟ್ಟಿಸಿದ್ದೂ ಇದೇ.

1986ರಲ್ಲಿ ಮಿ-26 ಚಂಡೀಗಢಕ್ಕೆ ಬಂತು. 126ನೇ ಹೆಲಿಕಾಪ್ಟರ್ ಯೂನಿಟ್ ಕೈಯಲ್ಲಿದ್ದದ್ದು ಒಟ್ಟು ನಾಲ್ಕೇ. ಮೇಲೆ ತಿರುಗುವ ಎಂಟು ಬ್ಲೇಡ್‌ಗಳ ರೋಟರ್, ಈ ತುದಿಯಿಂದ ಆ ತುದಿಗೆ 32 ಮೀಟರ್. 20 ಟನ್ ಹೊರುವ ತಾಕತ್ತು. ಇಷ್ಟು ಭಾರ ಎತ್ತುವ ಇನ್ನೊಂದು ಹೆಲಿಕಾಪ್ಟರ್ ಇವತ್ತಿಗೂ ಸೇನೆಗಳ ಬಳಕೆಯಲ್ಲಿಲ್ಲ.

ತೊಂದರೆ ಶುರುವಾಗಿದ್ದು ಅದು ಹುಟ್ಟಿದ ರೀತಿಯಲ್ಲೇ. ಮೊದಲ ಹಾರಾಟ 1977ರಲ್ಲಿ, ಆಗ ಸೋವಿಯತ್ ಒಕ್ಕೂಟ ಒಂದೇ ದೇಶ. ಹೆಲಿಕಾಪ್ಟರ್ ಜೋಡಿಸುತ್ತಿದ್ದದ್ದು ರಷ್ಯಾದ ರೊಸ್ತೊವ್‌ನಲ್ಲಿ. ಅದರ ಎರಡು ಡಿ-136 ಎಂಜಿನ್‌ಗಳು ಬರುತ್ತಿದ್ದದ್ದು ಉಕ್ರೇನಿನ ಝಪೊರಿಝಿಯಾದಿಂದ. 1991ರಲ್ಲಿ ಒಕ್ಕೂಟ ಒಡೆಯಿತು. ನಿನ್ನೆವರೆಗೆ ಪಕ್ಕದ ಊರಾಗಿದ್ದದ್ದು ಪರದೇಶವಾಯಿತು. 2014ರಲ್ಲಿ ಕ್ರಿಮಿಯಾ ಜಗಳದ ನಂತರ ಉಕ್ರೇನ್ ರಷ್ಯಾಕ್ಕೆ ಸೇನಾ ಸಾಮಗ್ರಿ ಕೊಡುವುದನ್ನೇ ನಿಲ್ಲಿಸಿತು. 2022ರ ಯುದ್ಧದ ಮೇಲಂತೂ ಕೇಳಲೇಬೇಕಿಲ್ಲ.

ಆದರೆ ಬರೀ ಎಂಜಿನ್ ಸಿಕ್ಕರೆ ಸಾಲದು. ನನ್ನ ಕಣ್ಣಿಗೆ ಈ ಹೆಲಿಕಾಪ್ಟರಿನ ಜೀವ ಇರುವುದು ಗೇರ್‌ಬಾಕ್ಸ್‌ನಲ್ಲಿ. ಎರಡೂ ಎಂಜಿನ್‌ಗಳು, ಒಂದೊಂದೂ 11 ಸಾವಿರಕ್ಕಿಂತ ಜಾಸ್ತಿ ಅಶ್ವಶಕ್ತಿಯವು, ತಮ್ಮ ಬಲವನ್ನು ಸುರಿಯುವುದು ಇದರೊಳಗೆ, ಇಲ್ಲಿಂದಲೇ ಅದು ರೋಟರಿಗೆ ಹೋಗುವುದು. ಅದೊಂದರದೇ ತೂಕ ಮೂರೂವರೆ ಟನ್ ದಾಟುತ್ತದೆ. ಒಳಗಿನ ಗೇರ್‌ಗಳ ಹಲ್ಲುಗಳು ಸವೆಯುತ್ತಿವೆಯಾ ಎಂದು ತಿಳಿಯಲು ಎಣ್ಣೆಯಲ್ಲಿ ಒಂದು ಅಯಸ್ಕಾಂತದ ಪ್ಲಗ್ ಇರುತ್ತದೆ. ತಂತ್ರಜ್ಞ ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ. ತುದಿಯಲ್ಲಿ ಕಪ್ಪು ಮಸಿಯಂಥ ನುಣ್ಣನೆ ಪುಡಿ ಇದ್ದರೆ ಒರೆಸಿ ಹಾಕಬಹುದು. ಮಿನುಗುವ ಲೋಹದ ಚೂರು ಅಂಟಿದ್ದರೆ ಹಾರಾಟ ಅಲ್ಲಿಗೇ ನಿಂತಿತು. ಮೇಲೆ ಗೇರ್‌ಬಾಕ್ಸ್ ಕೈಕೊಟ್ಟರೆ ಬದಲಿ ಇಲ್ಲ, ಅಲ್ವಾ?

ಚೂರು ಕಾಣಿಸದಿದ್ದರೂ ಪ್ರತಿ ಮುಖ್ಯ ಭಾಗಕ್ಕೂ ಒಂದು ಆಯಸ್ಸಿದೆ. ಇಷ್ಟು ಗಂಟೆ ಹಾರಾಟ, ಇಷ್ಟು ವರ್ಷ. ಎರಡರಲ್ಲಿ ಯಾವುದು ಮೊದಲು ಮುಗಿದರೂ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ದುರಸ್ತಿ, ಆಗಲೇಬೇಕು. ಹಾಗಾಗಿ ಸುಮ್ನೆ ಶೆಡ್‌ನಲ್ಲಿ ನಿಂತ ಹೆಲಿಕಾಪ್ಟರಿಗೂ ವಯಸ್ಸಾಗುತ್ತದೆ. ಭಾಗದ ಜೊತೆ ಅದರ ಲಾಗ್ ಕಾರ್ಡ್, ಅಂದರೆ ಅದು ಎಷ್ಟು ದುಡಿದಿದೆ ಎಂಬ ದಾಖಲೆ, ಇಲ್ಲದಿದ್ದರೆ, ಎಷ್ಟೇ ಹೊಸದಾಗಿ ಕಂಡರೂ ಜೋಡಿಸುವಂತಿಲ್ಲ.

ನೂರು ಹೆಲಿಕಾಪ್ಟರ್ ಇರುವವರು ಬಿಡಿಭಾಗಗಳನ್ನು ರಾಶಿ ಹಾಕಿ ಇಟ್ಟುಕೊಳ್ಳಬಹುದು. ನಾಲ್ಕೇ ಇದ್ದವರ ಕಷ್ಟ ಬೇರೆ. ಅದರಲ್ಲೂ ಒಂದು 2010ರ ಡಿಸೆಂಬರ್‌ನಲ್ಲಿ ಜಮ್ಮುವಿನಲ್ಲಿ ಅಪಘಾತಕ್ಕೀಡಾಯಿತು. ಉಳಿದವು ಬರಬರುತ್ತಾ ಓವರ್‌ಹಾಲ್‌ಗೆ ಕಾಯುತ್ತಾ ನೆಲ ಹಿಡಿದವು. ಅಂಥ ಯಂತ್ರ ರೆಕ್ಕೆ ಇಳಿಬಿಟ್ಟು ನಿಂತಿರುವುದನ್ನು ನೆನೆದರೆ ನಿಜಕ್ಕೂ ಸಂಕಟವಾಗುತ್ತದೆ.

2015ರಲ್ಲಿ ಭಾರತ ಅಮೆರಿಕದ 15 ಚಿನೂಕ್ ಹೆಲಿಕಾಪ್ಟರ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. 2019ರ ಮಾರ್ಚ್‌ನಲ್ಲಿ ಅವುಗಳಲ್ಲಿ ಮೊದಲ ನಾಲ್ಕು ಅದೇ ಚಂಡೀಗಢದಲ್ಲಿ ಸೇವೆಗೆ ಸೇರಿದವು. 1960ರ ದಶಕದಿಂದ ಹಲವು ದೇಶಗಳು ಬಳಸುತ್ತಿರುವ ಮಾದರಿ ಅದು, ಬಿಡಿಭಾಗ ಸಿಗುವ ದಾರಿಗಳೂ ಜಾಸ್ತಿ. ಆದರೆ ಅದು ಹೊರುವುದು ಸುಮಾರು 10 ಟನ್. ಅದಕ್ಕಿಂತ ತೂಕದ ಬುಲ್ಡೋಜರ್ ಬೆಟ್ಟದ ಮೇಲೆ ಬೇಕಾದರೆ, ಬಿಚ್ಚಿ ಎರಡು ಮೂರು ಸಲ ಸಾಗಿಸಿ, ಅಲ್ಲಿ ಚಳಿಯಲ್ಲಿ ಕೂತು ಮತ್ತೆ ಜೋಡಿಸಬೇಕು.