ತಂದೆ ಸಂಪರ್ಕದಲ್ಲಿಲ್ಲ, ಫ್ಯಾಫ್ಸಾ ತುಂಬುವುದು ಹೇಗೆ?

ಪ್ರಶ್ನೆ: ತಂದೆ ಮನೆ ಬಿಟ್ಟು ಆರು ವರ್ಷವಾಯಿತು, ಎಲ್ಲಿದ್ದಾರೆಂದು ಗೊತ್ತಿಲ್ಲ. ಅಮೆರಿಕದಲ್ಲಿ ಕಾಲೇಜಿನ ಆರ್ಥಿಕ ನೆರವಿಗಾಗಿ ಫ್ಯಾಫ್ಸಾ ಅರ್ಜಿ ತುಂಬುವಾಗ ಅವರ ಸಹಿ, ಆದಾಯದ ವಿವರ ಬೇಕೇ?

ಬೇಡ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೆಂಬ ಲೆಕ್ಕ ತಪ್ಪಿದೆ. ಆದರೂ ಪ್ರತಿ ವರ್ಷ ಅದೇ ಆತಂಕ ಮರಳುವುದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ. ತಂದೆತಾಯಿ ಬೇರೆಯಾಗಿ ಬಾಳುತ್ತಿದ್ದರೆ, ಕೋರ್ಟಿನ ವಿಚ್ಛೇದನ ಆಗಿರದಿದ್ದರೂ, ಅರ್ಜಿಯಲ್ಲಿ ಬರಬೇಕಾದವರು ಒಬ್ಬರೇ: ಹಿಂದಿನ 12 ತಿಂಗಳಲ್ಲಿ ವಿದ್ಯಾರ್ಥಿಯ ಖರ್ಚನ್ನು ಹೆಚ್ಚು ಹೊತ್ತವರು. ಅವರು ಮರುಮದುವೆಯಾಗಿದ್ದರೆ ಈಗಿನ ಸಂಗಾತಿಯ ಆದಾಯವೂ ಸೇರುತ್ತದೆ.

ಇಷ್ಟು ಹೇಳಿದ ಮೇಲೂ ಬರುವ ಮಾತು ಒಂದೇ: "ತೆರಿಗೆ ಲೆಕ್ಕದಲ್ಲಿ ನನ್ನನ್ನು ಅವಲಂಬಿತಳೆಂದು ತೋರಿಸಿರುವವರು ತಂದೆ, ಹಾಗಾಗಿ ಅವರೇ ತುಂಬಬೇಕಲ್ಲವೇ?" ಅಲ್ಲ. ತೆರಿಗೆ ಇಲಾಖೆಯ ನಿಯಮ ಬೇರೆ, ಫ್ಯಾಫ್ಸಾದ ನಿಯಮ ಬೇರೆ. 2024–25ರ ಅರ್ಜಿಗೆ ಮುಂಚೆ ವಿದ್ಯಾರ್ಥಿ ಯಾರೊಂದಿಗೆ ಹೆಚ್ಚು ದಿನ ವಾಸವಿದ್ದರೆಂದು ನೋಡುತ್ತಿದ್ದರು, ಈಗ ಖರ್ಚು ಯಾರದೆಂದು ನೋಡುತ್ತಾರೆ. ತೆರಿಗೆಯಲ್ಲಿ ಯಾರು ತೋರಿಸಿದರೆಂಬುದು ಆಗಲೂ ಅಳತೆಗೋಲಾಗಿರಲಿಲ್ಲ, ಈಗಲೂ ಅಲ್ಲ. ನನಗೆ ಪರಿಚಯವಿರುವ ತಾಯಿಯೊಬ್ಬರು ಇದೇ ಗೊಂದಲದಲ್ಲಿ ಅರ್ಜಿಯನ್ನು ವಾರಗಟ್ಟಲೆ ಮುಂದೂಡಿದ್ದರು. ಮನೆ ಬಾಡಿಗೆ, ದಿನಸಿ, ಮೊಬೈಲ್ ಬಿಲ್ಲು, ಮಗಳ ಹಲ್ಲಿಗೆ ಹಾಕಿಸಿದ ಕ್ಲಿಪ್ಪಿನ ಕಂತು, ಎಲ್ಲವನ್ನೂ ಕಟ್ಟುತ್ತಿದ್ದವರು ಅವರೇ. ಒಂದು ಹಾಳೆಯಲ್ಲಿ ಅವನ್ನೆಲ್ಲ ಬರೆದು ಕೂಡಿಸಿದ ಮೇಲೆ ಉಳಿದ ಸಂಶಯವೇನೂ ಇರಲಿಲ್ಲ.

ಇದೇ ತಪ್ಪು ನಂಬಿಕೆಯ ಇನ್ನೊಂದು ಮುಖ ಇನ್ನೂ ಹಾನಿಕರ: ಯಾರೂ ತೆರಿಗೆಯಲ್ಲಿ ತೋರಿಸದಿದ್ದರೆ, ಇಲ್ಲವೇ ಬೇರೆ ಮನೆ ಮಾಡಿಕೊಂಡು ಸ್ವಂತ ದುಡಿಮೆಯಲ್ಲಿ ಬದುಕಿದರೆ, ತಾನು ಸ್ವತಂತ್ರ ವಿದ್ಯಾರ್ಥಿ, ಅಂದರೆ ತಂದೆತಾಯಿಯ ವಿವರ ಕೊಡಬೇಕಿಲ್ಲದ ವಿದ್ಯಾರ್ಥಿ, ಎಂದು ಭಾವಿಸುವುದು. ಸ್ವತಂತ್ರರೆನಿಸಲು 24 ವರ್ಷ ತುಂಬಿರಬೇಕು, ಅಥವಾ ಮದುವೆ, ಸೇನಾ ಸೇವೆ, ಸ್ನಾತಕೋತ್ತರ ಓದು, 13 ತುಂಬಿದ ಮೇಲೆ ಅನಾಥರಾಗಿರುವುದು ಮುಂತಾದ ನಿಗದಿತ ಕಾರಣಗಳಲ್ಲಿ ಒಂದಿರಬೇಕು. ತಂದೆತಾಯಿ ಹಣ ಕೊಡಲು ಒಪ್ಪುವುದಿಲ್ಲ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಆದರೆ ಇಬ್ಬರೂ ತೊರೆದಿದ್ದರೆ, ಇಲ್ಲವೇ ಅವರನ್ನು ಸಂಪರ್ಕಿಸುವುದೇ ಅಪಾಯವಾಗಿದ್ದರೆ, "ಅಸಾಮಾನ್ಯ ಪರಿಸ್ಥಿತಿ" ಎಂದು ಗುರುತಿಸಿ ಅವರ ವಿವರವಿಲ್ಲದೆಯೇ ಅರ್ಜಿ ಸಲ್ಲಿಸಬಹುದು. ದಾಖಲೆ ನೋಡಿ ಕೊನೆಯ ತೀರ್ಮಾನ ಮಾಡುವುದು ಕಾಲೇಜಿನ ನೆರವು ಕಚೇರಿ.

ನೀವು ಕೇಳಿಲ್ಲ, ಆದರೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮೇಲಿನದೆಲ್ಲ ಸರ್ಕಾರದ ನೆರವಿನ ಮಾತು. ಅನೇಕ ಖಾಸಗಿ ಕಾಲೇಜುಗಳು ತಮ್ಮ ಸ್ವಂತ ಹಣ ಹಂಚಲು ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಕೇಳುತ್ತವೆ, ಮತ್ತು ಅವುಗಳಲ್ಲಿ ಹಲವು ದೂರವಾದ ತಂದೆಯ ಆದಾಯವನ್ನೂ ಕೇಳುತ್ತವೆ. ಆಗ ವಿನಾಯಿತಿ ಕೋರಬೇಕು, ಅದನ್ನು ಒಂದೊಂದು ಕಾಲೇಜೂ ತನ್ನದೇ ರೀತಿಯಲ್ಲಿ ತೀರ್ಮಾನಿಸುತ್ತದೆ. ಕೊನೆಯ ಸಲ ಮಾತಾಡಿದ್ದು ಯಾವಾಗ, ಹಣ ಬಂದದ್ದು ಯಾವಾಗ ಎಂಬುದನ್ನು ದಿನಾಂಕ ಸಮೇತ ಬರೆಯಿರಿ. ಮನೆಯವರಲ್ಲದ, ನಿಮ್ಮ ಸ್ಥಿತಿಯನ್ನು ನೇರವಾಗಿ ಬಲ್ಲ ಶಿಕ್ಷಕರಿಂದಲೋ ಶಾಲೆಯ ಸಲಹೆಗಾರರಿಂದಲೋ ಒಂದು ಪತ್ರ ಪಡೆದು ಲಗತ್ತಿಸಿ, ಕಾಲೇಜು ಗೊತ್ತುಮಾಡಿದ ಗಡುವಿಗೆ ಮೊದಲೇ ಕಳುಹಿಸಿ.