ಅಪ್‌ಸೆಟ್: ಆಗುವುದೋ, ಮಾಡುವುದೋ?

ನಿನ್ನೆ ಮಾಕ್ ಟೆಸ್ಟ್‌ನಲ್ಲಿ ಒಂದೇ ಶಬ್ದಕ್ಕೆ ಎರಡು ಅಂಕ ಹೋದವು. ಆ ಶಬ್ದ ‘ಅಪ್‌ಸೆಟ್’. ವಿಜಯಪುರದ ನಮ್ಮ ರೂಮಿನಲ್ಲಿ ದಿನಾ ಕಿವಿಗೆ ಬೀಳುವ ಮಾತು. ಗೊತ್ತಿದೆ ಅಂತ ಓದದೆ ಬಿಟ್ಟಿದ್ದೆ. ಬಿಸಿ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ಅರ್ಥಗಳು ಕಷ್ಟವಿಲ್ಲ. ಮನಸ್ಸು ನೋಯಿಸುವುದು ಮೊದಲನೆಯದು. ಪಾತ್ರೆ ಉರುಳಿಸುವುದೂ ಇದೇ: ‘ದ ಕ್ಯಾಟ್ ಅಪ್‌ಸೆಟ್ ದ ಮಿಲ್ಕ್ ಪಾಟ್’. ಹಾಕಿಕೊಂಡ ಲೆಕ್ಕ ಕೆಡಿಸುವುದೂ ಇದೇ. ದ್ರಾಕ್ಷಿ ಕಟಾವಿನ ಹೊತ್ತಿಗೆ ಮಳೆ ಸುರಿದರೆ ‘ದ ರೇನ್ ಅಪ್‌ಸೆಟ್ ಅವರ್ ಪ್ಲ್ಯಾನ್ಸ್’.

ನಾನು ಎಡವಿದ್ದು ಇಲ್ಲಿ. ‘ಅವನ ಮಾತಿನಿಂದ ನನಗೆ ಬೇಜಾರಾಯಿತು’ ಎಂಬುದಕ್ಕೆ ‘ಐ ಅಪ್‌ಸೆಟ್ ಬೈ ಹಿಸ್ ವರ್ಡ್ಸ್’ ಎಂದು ಬರೆದೆ. ತಪ್ಪು. ನಾವು ‘ನಾನು ಅಪ್‌ಸೆಟ್ ಆದೆ’ ಅಂತೀವಿ, ಅಲ್ವಾ? ಅಲ್ಲಿ ಕ್ರಿಯಾಪದದ ಕೆಲಸ ಮಾಡುವುದು ‘ಆದೆ’. ಇಂಗ್ಲಿಷಿಗೆ ಹೋಗುವಾಗ ಆ ‘ಆದೆ’ಯನ್ನು ನಾನು ಬಿಟ್ಟೇ ಬಿಟ್ಟಿದ್ದೆ.

ನಮ್ಮಲ್ಲೇ ನೋಡಿ: ನೋಯು, ನೋಯಿಸು. ಉರುಳು, ಉರುಳಿಸು. ಇಂಗ್ಲಿಷಿನ ಅಪ್‌ಸೆಟ್ ಕ್ರಿಯಾಪದವಾಗಿ ಬಂದಾಗ ಅದರ ಹೊಟ್ಟೆಯಲ್ಲೇ ಈ ‘ಇಸು’ ಇರುತ್ತದೆ. ಹಾಗಾಗಿ ‘ಯಾರನ್ನು? ಏನನ್ನು?’ ಎಂದು ಕೇಳಿದರೆ ವಾಕ್ಯದಲ್ಲಿ ಉತ್ತರ ಸಿಗಬೇಕು. ‘ಹಿಸ್ ವರ್ಡ್ಸ್ ಅಪ್‌ಸೆಟ್ ಮೀ.’ ಯಾರನ್ನು? ನನ್ನನ್ನು. ಸರಿ. ತನ್ನನ್ನು ತಾನೇ ನೋಯಿಸಿಕೊಳ್ಳುವಾಗಲೂ ಉತ್ತರ ಬೇಕು: ‘ಡೋಂಟ್ ಅಪ್‌ಸೆಟ್ ಯುವರ್‌ಸೆಲ್ಫ್’. ‘ಆಗು’ ಬೇಕಿದ್ದರೆ ಅದನ್ನು ಬೇರೆ ತರಬೇಕು: ‘ಐ ವಾಸ್ ಅಪ್‌ಸೆಟ್’, ‘ಐ ಗಾಟ್ ಅಪ್‌ಸೆಟ್’.

ಇದೇ ಗಂಟಿನ ಇನ್ನೊಂದು ತುದಿ ‘ಅಪ್‌ಸೆಟಿಂಗ್’. ಅವ್ವ ಬೇಜಾರಾಗಿದ್ದಾಳೆ ಎನ್ನಲು ‘ಮೈ ಮದರ್ ಈಸ್ ಅಪ್‌ಸೆಟ್’. ‘ಈಸ್ ಅಪ್‌ಸೆಟಿಂಗ್’ ಅಂದರೆ ಅವ್ವನೇ ಯಾರನ್ನೋ ನೋಯಿಸುತ್ತಿದ್ದಾಳೆ ಎಂಬ ಕಡೆಗೆ ಮಾತು ತಿರುಗುತ್ತದೆ. ನೋವು ಕೊಟ್ಟ ಸುದ್ದಿ ಅಪ್‌ಸೆಟಿಂಗ್, ನೋವು ಉಂಡ ಅವ್ವ ಅಪ್‌ಸೆಟ್. ಇದನ್ನು ಹತ್ತು ಸಲ ಬಾಯಲ್ಲಿ ಹೇಳಿಕೊಂಡ ಮೇಲೆಯೇ ನನಗೆ ಕೂತಿತು.

ಭೂತಕಾಲದಲ್ಲಿ ರೂಪ ಬದಲಾಗುವುದಿಲ್ಲ. ‘ಅಪ್‌ಸೆಟೆಡ್’ ಎಂಬುದು ಇಲ್ಲವೇ ಇಲ್ಲ. ‘ಇಟ್ ಅಪ್‌ಸೆಟ್ಸ್ ಮೀ’ ವರ್ತಮಾನ, ಕೊನೆಯ ‘ಸ್’ ಇಲ್ಲದಿದ್ದರೆ ಭೂತ. ‘ಇಂಗ್’ ಸೇರಿಸುವಾಗ ‘ಟಿ’ ಅಕ್ಷರ ಎರಡು ಸಲ.

‘ಸ್ಟಮಕ್ ಅಪ್‌ಸೆಟ್ ಆಗಿದೆ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ತಿರುವುಮುರುವಾಗಿ ಹೇಳುತ್ತಾರೆ: ‘ಐ ಹ್ಯಾವ್ ಆ್ಯನ್ ಅಪ್‌ಸೆಟ್ ಸ್ಟಮಕ್’.

ನಾಮಪದವಾದಾಗ ಒತ್ತು ‘ಅಪ್’ ಮೇಲೆ, ಕ್ರಿಯಾಪದದಲ್ಲಿ ‘ಸೆಟ್’ ಮೇಲೆ. ಆಟದಲ್ಲಿ ಗೆಲ್ಲಲಾರರು ಅಂದುಕೊಂಡವರು ಗೆದ್ದರೆ ಅದು ಅಪ್‌ಸೆಟ್. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ 183 ರನ್ನಿಗೆ ಆಲೌಟಾಗಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿತಲ್ಲ, ಹಾಗೆ. 1919ರಲ್ಲಿ ಅಮೆರಿಕದ ಸಾರಟೋಗಾದಲ್ಲಿ ‘ಮ್ಯಾನ್ ಓ ವಾರ್’ ಎಂಬ ಕುದುರೆ ತನ್ನ 21 ಓಟಗಳಲ್ಲಿ ಸೋತ ಒಂದೇ ಓಟವನ್ನು ಸೋತಿತು. ಗೆದ್ದ ಕುದುರೆಯ ಹೆಸರೇ ಅಪ್‌ಸೆಟ್! ಈ ಅರ್ಥ ಆ ಕುದುರೆಯಿಂದ ಬಂತು ಅಂತ ಹಲವರು ಹೇಳುತ್ತಾರೆ. ಆದರೆ ಅದಕ್ಕೂ ಮೊದಲೇ, 19ನೇ ಶತಮಾನದ ಪತ್ರಿಕೆಗಳಲ್ಲೇ ಈ ಬಳಕೆ ಇತ್ತು.